ಮುತ್ತಜ್ಜನ ಹಿಂದಿನ ತಲೆಮಾರುಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಹುಡುಕುವುದು ಹೇಗೆ?

ಬೆಣ್ಣೆಹಳ್ಳ (ಪ್ರಶ್ನೆ):

ಬಲ್ಲವರೆಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ಮೂಲ ಊರು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ತಂದೆಯವರು ನೌಕರಿಗೆಂದು ಮುಂಬೈಗೆ ಬಂದು ಇಲ್ಲಿಯೇ ನೆಲೆಸಿದ್ದರಿಂದ ಮದುವೆ, ಜಾತ್ರೆಗಳಿಗೆ ಹೋದಾಗ ಕಂಡಷ್ಟೇ ನನಗೆ ಊರಿನ ಪರಿಚಯ. ಅಜ್ಜ ಮತ್ತು ಮುತ್ತಜ್ಜರ ಹೆಸರುಗಳು ಗೊತ್ತಿವೆ. ಅವರ ಹಿಂದಿನವರ ಬಗ್ಗೆ ನಮ್ಮ ಮನೆಯಲ್ಲಿ ಹೇಳುವವರು ಯಾರೂ ಉಳಿದಿಲ್ಲ. ಊರಿನಲ್ಲಿ ತೊಂಬತ್ತರ ಸಮೀಪದ ಸೋದರತ್ತೆಯೊಬ್ಬರಿದ್ದಾರೆ, ಅವರ ನೆನಪು ಇನ್ನೂ ಚೆನ್ನಾಗಿದೆ. ನಮ್ಮ ತಲೆಮಾರಿನಲ್ಲಿ ಯಾರಾದರೂ ಈ ಕೆಲಸ ಕೈಗೆತ್ತಿಕೊಳ್ಳದಿದ್ದರೆ ಈಗ ಇರುವಷ್ಟು ಮಾಹಿತಿಯೂ ಅಳಿದುಹೋಗುತ್ತದೆ ಎಂಬ ಕಳವಳದಿಂದ ವಂಶಾವಳಿಯನ್ನು ಬರೆದಿಡಲು ಹೊರಟಿದ್ದೇನೆ.

ವಂಶವೃಕ್ಷಕ್ಕೆಂದೇ ಇರುವ ಕೆಲವು ವಿದೇಶಿ ಜಾಲತಾಣಗಳನ್ನು ನೋಡಿದೆ. ಅವು ಮೊದಲಿಗೇ ಅಡ್ಡಹೆಸರನ್ನೂ ಹುಟ್ಟಿದ ತಾರೀಖನ್ನೂ ಕೇಳುತ್ತವೆ. ಕೊಟ್ಟರೆ ನಮಗೆ ಸಂಬಂಧವೇ ಇಲ್ಲದ ಹೆಸರುಗಳ ರಾಶಿಯನ್ನು ತೋರಿಸಿ, ಮುಂದೆ ನೋಡಬೇಕಾದರೆ ಚಂದಾ ಕಟ್ಟಿರಿ ಎನ್ನುತ್ತವೆ. ಹಣ ಕಟ್ಟದೆ ಮನೆಯಿಂದಲೇ ನೋಡಬಹುದಾದ, ನಮ್ಮ ಕಡೆಯ ಕುಟುಂಬಗಳಿಗೆ ನಿಜವಾಗಿ ಉಪಯೋಗಕ್ಕೆ ಬರುವ ದಾಖಲೆಗಳು ಯಾವುವು ಎಂಬುದು ನನ್ನ ಮುಖ್ಯ ಪ್ರಶ್ನೆ.

ಇದರ ಜೊತೆಗೆ ಇನ್ನೆರಡು ವಿಷಯಗಳಿವೆ. ಅಜ್ಜನ ಅಣ್ಣ ಬೆಳಗಾವಿಯಲ್ಲಿ ಸೈನ್ಯಕ್ಕೆ ಸೇರಿ ಎರಡನೆಯ ಮಹಾಯುದ್ಧದಲ್ಲಿ ತೀರಿಕೊಂಡರೆಂದು ಮನೆಯಲ್ಲಿ ಹೇಳುತ್ತಿದ್ದರು. ಅದನ್ನು ಖಚಿತಪಡಿಸಿಕೊಳ್ಳುವ ದಾರಿ ಇದೆಯೇ? ನನ್ನ ಪತ್ನಿಯ ತವರು ಕಾರ್ಕಳದ ಕಡೆಯದು, ಅವರದು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬ. ಅಂಥ ಮನೆತನದ ವಂಶಾವಳಿಯನ್ನು ಎಲ್ಲಿಂದ ಆರಂಭಿಸಬೇಕು?

ಹಳೇಪಹಣಿ:

ನೀವು ಕಂಡ ಜಾಲತಾಣಗಳು ನಿಮಗೆ ಉಪಯೋಗಕ್ಕೆ ಬರದಿರಲು ಕಾರಣವಿದೆ, ಅದು ತಿಳಿದರೆ ಮುಂದಿನ ದಾರಿ ಸುಲಭವಾಗುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ವಂಶಾವಳಿ ಹುಡುಕುವವರಿಗೆ ಹಳೆಯ ಜನಗಣತಿಯ ಮನೆವಾರು ಹಾಳೆಗಳು ಹೆಸರುಸಮೇತ ಸಿಗುತ್ತವೆ. ನಮ್ಮಲ್ಲಿ ಬ್ರಿಟಿಷರ ಕಾಲದಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದ್ದರೂ ಪ್ರಕಟವಾದದ್ದು ಅಂಕಿಅಂಶಗಳು ಮಾತ್ರ; 1948ರ ಜನಗಣತಿ ಕಾಯ್ದೆಯಂತೆ ವ್ಯಕ್ತಿಗಳ ವಿವರವಿರುವ ಹಾಳೆಗಳನ್ನು ಸಾರ್ವಜನಿಕರು ನೋಡುವಂತಿಲ್ಲ. ಮೇಲಾಗಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು, ಅದೇ ತಂದೆಯ ಹೆಸರು ಮರಳಿ ಬರುತ್ತದೆ. ಬಸಪ್ಪನ ಮಗ ಕಲ್ಲಪ್ಪ, ಕಲ್ಲಪ್ಪನ ಮಗ ಬಸಪ್ಪ ಎಂಬ ಸಾಲಿನಲ್ಲಿ ನಿಮ್ಮ ಕೈಗೆ ಸಿಕ್ಕ ಬಸಪ್ಪ ಯಾವ ಕಾಲದವನೆಂದು ಹೆಸರು ಒಂದರಿಂದಲೇ ತೀರ್ಮಾನಿಸುವುದು ಅಸಾಧ್ಯ.

ಆದ್ದರಿಂದ ಹೆಸರಿನ ಹುಡುಕಾಟವನ್ನು ಸದ್ಯಕ್ಕೆ ಬದಿಗಿಟ್ಟು ಹೊಲದಿಂದ ಆರಂಭಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಕಡೆ ಉತಾರ ಎಂದು ಕರೆಯುವ ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸಹಿ ಇರುವ ಪ್ರತಿ ಬೇಕಾದಾಗ ಮಾತ್ರ ಶುಲ್ಕ. ಸರ್ವೆ ನಂಬರು ಗೊತ್ತಿಲ್ಲವೆಂದು ಹಿಂಜರಿಯಬೇಡಿ. ದಿಶಾಂಕ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಊರಿನ ನಕ್ಷೆಯನ್ನು ತೆರೆದು ಹೊಲವಿರುವ ಜಾಗವನ್ನು ಮುಟ್ಟಿದರೆ ಸರ್ವೆ ನಂಬರು ತಾನಾಗಿಯೇ ಬರುತ್ತದೆ. ನಿಮ್ಮ ಸೋದರತ್ತೆಯವರು "ಹಳ್ಳದ ದಂಡಿ ಹೊಲ", "ಗುಡಿ ಹಿಂದಿನ ಹೊಲ" ಎಂದಷ್ಟೇ ಹೇಳಿದರೂ ಸಾಕು, ಫೋನಿನಲ್ಲಿ ಅವರು ಗುರುತು ಹೇಳುತ್ತಿರುವಾಗಲೇ ನೀವು ಮುಂಬೈಯಲ್ಲಿ ಕುಳಿತು ಆ ಜಾಗವನ್ನು ಪತ್ತೆ ಮಾಡಬಹುದು. ಊರಿನ ಕಂದಾಯ ನಕ್ಷೆಯನ್ನೂ ಉಚಿತವಾಗಿ ಇಳಿಸಿಕೊಳ್ಳಬಹುದು, ಅದನ್ನು ಮುದ್ರಿಸಿ ಅವರ ಮುಂದೆ ಇಟ್ಟರೆ ಇನ್ನೂ ಒಳ್ಳೆಯದು.

ಪಹಣಿಯ 9ನೆಯ ಕಾಲಂನಲ್ಲಿ ಹಿಡುವಳಿದಾರರ ಹೆಸರು ತಂದೆಯ ಹೆಸರಿನೊಂದಿಗೆ ಇರುತ್ತದೆ. ಅಲ್ಲಿ ನಿಮ್ಮ ದೊಡ್ಡಪ್ಪ, ಚಿಕ್ಕಪ್ಪಂದಿರ ಮಕ್ಕಳ ಹೆಸರುಗಳು ಕಾಣಬಹುದು. ಆ ಹಕ್ಕು ಅವರಿಗೆ ಹೇಗೆ ಬಂತೆಂಬ ವಿವರದ ಜೊತೆಗೆ ಹಕ್ಕು ಬದಲಾವಣೆಯ ಸಂಖ್ಯೆಯೂ ಇರುತ್ತದೆ. ವಂಶಾವಳಿಗೆ ಇದೇ ಬಹಳ ಮುಖ್ಯ. ಖಾತೆದಾರರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಹೊಲವನ್ನು ಏರಿಸುವ ಪೌತಿ ನಮೂದಿನಲ್ಲಿ ಯಾರು ತೀರಿಕೊಂಡರು, ಯಾವಾಗ ತೀರಿಕೊಂಡರು, ಅವರಿಗೆ ಮಕ್ಕಳು ಯಾರ‍್ಯಾರು ಎಂಬುದೆಲ್ಲ ಒಂದೇ ಕಡೆ ಇರುತ್ತದೆ. ರೋಣ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದಲ್ಲಿ ಹಕ್ಕುದಾಖಲೆಯ ಕಾಯ್ದೆ 1903ರಲ್ಲಿಯೇ ಬಂದಿದ್ದರಿಂದ ಇಂಥ ನಮೂದುಗಳು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಹಿಂದಕ್ಕೆ ಹೋಗಬಲ್ಲವು. ಅಂತರಜಾಲದಲ್ಲಿ ಕಾಣುವುದು ಬಹುತೇಕ 2000ದಲ್ಲಿ ಭೂಮಿ ಯೋಜನೆ ಆರಂಭವಾದ ನಂತರದ್ದು. ಅದಕ್ಕೂ ಹಿಂದಿನ ಕೈಬರಹದ ಕಡತಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿವೆ. ಭೂ ಸುರಕ್ಷಾ ಯೋಜನೆಯಡಿ ಅವುಗಳನ್ನು ಸ್ಕ್ಯಾನ್ ಮಾಡುವ ಕೆಲಸ 2024ರಿಂದ ನಡೆದಿದೆ.

ಎರಡನೆಯ ಆಕರ ಮತದಾರರ ಪಟ್ಟಿ. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ 2002ರ ಪಟ್ಟಿ ಊರುವಾರು ಕನ್ನಡದಲ್ಲಿಯೇ ಇದೆ. ಮನೆ ಸಂಖ್ಯೆಯ ಪ್ರಕಾರ ಹೆಸರುಗಳನ್ನು ಬರೆದಿರುವುದರಿಂದ ಒಂದು ಮನೆಯಲ್ಲಿ ಆಗ ಯಾರೆಲ್ಲ ಇದ್ದರೆಂದು ತಿಳಿಯುತ್ತದೆ. 2002ರಲ್ಲಿ 80 ವರ್ಷವೆಂದು ಬರೆದವರು ಸುಮಾರು 1922ರಲ್ಲಿ ಹುಟ್ಟಿದವರು, ಅವರ ಹೆಸರಿನ ಮುಂದಿರುವ ತಂದೆಯ ಹೆಸರು ಅದಕ್ಕೂ ಹಿಂದಿನ ತಲೆಮಾರಿನದು. ವಯಸ್ಸನ್ನು ಅಂದಾಜಿನಿಂದ ಬರೆಸುವುದು ರೂಢಿಯಾಗಿದ್ದರಿಂದ ಐದಾರು ವರ್ಷಗಳ ವ್ಯತ್ಯಾಸಕ್ಕೆ ಅವಕಾಶ ಬಿಡಿ. ಹೊಲದ ದಾಖಲೆಯಲ್ಲಿ ಹೆಣ್ಣುಮಕ್ಕಳ ಹೆಸರು ಬಹಳ ಕಡಿಮೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ. ಹಾಗಾಗಿ ಅಜ್ಜಿಯರ, ಅತ್ತೆಯರ ಹೆಸರುಗಳನ್ನು ಹುಡುಕುವವರಿಗೆ ಮತದಾರರ ಪಟ್ಟಿಯೇ ದೊಡ್ಡ ಆಸರೆ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷದ ಪ್ರಮಾಣಪತ್ರವನ್ನು ಹಳೆಯ ಕಾಲದ ಪುರಾವೆಯೆಂದು ಭಾವಿಸಬೇಡಿ. ಅದು ಅರ್ಜಿದಾರರ ಹೇಳಿಕೆ ಮತ್ತು ಊರಿನವರ ಮುಂದೆ ನಡೆಸಿದ ವಿಚಾರಣೆಯನ್ನು ಆಧರಿಸಿ ಇಂದಿನ ವಾರಸುದಾರರನ್ನು ಗುರುತಿಸಲು ಕೊಡುವ ಪತ್ರ.

ಸವದತ್ತಿ ಮಾಸ್ತರ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಕೆಲಸದ ಅನುಕ್ರಮವನ್ನು ನಾನು ಬದಲಿಸುತ್ತೇನೆ. ಭೂಮಿ ಜಾಲತಾಣ ಮುಂದಿನ ವರ್ಷವೂ ಇರುತ್ತದೆ. ತೊಂಬತ್ತರ ಸಮೀಪದ ಹಿರಿಯರ ವಿಷಯದಲ್ಲಿ ಆ ಮಾತು ಹೇಳಲಾಗದು. ಮೊದಲು ಅವರೊಂದಿಗೆ ಕುಳಿತು, ಅವರ ಒಪ್ಪಿಗೆ ಪಡೆದು, ಮಾತುಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಯಾರು ಯಾವ ಇಸವಿಯಲ್ಲಿ ಹುಟ್ಟಿದರೆಂದು ಕೇಳಿದರೆ ಆ ತಲೆಮಾರಿನವರಿಗೆ ಹೇಳಲು ಕಷ್ಟವಾಗುತ್ತದೆ. ಯಾವ ಸಂವತ್ಸರ, ಯಾವ ಬರ, ಯಾವ ಬೇನೆಯ ಕಾಲ ಎಂದು ಕೇಳಿದರೆ ಉತ್ತರ ಬರುತ್ತದೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಲೆಕ್ಕ ಹಿಡಿಯುವುದು ಸುಲಭ. ಪ್ರಭವ ಸಂವತ್ಸರ ಬಂದದ್ದು 1867, 1927 ಮತ್ತು 1987ರಲ್ಲಿ. ಉಳಿದವುಗಳನ್ನು ಅದರಿಂದ ಎಣಿಸಿಕೊಳ್ಳಬಹುದು, ಅಂತರಜಾಲದಲ್ಲಿರುವ ಉಚಿತ ಪಂಚಾಂಗಗಳಲ್ಲಿಯೂ ತಾಳೆ ನೋಡಬಹುದು. "ನಮ್ಮ ಮುತ್ತಜ್ಜ ಧಾತು ಸಂವತ್ಸರದ ಬರದಾಗ ಹುಟ್ಟಿದವ" ಎಂಬ ಮಾತು ಮನೆಯಲ್ಲಿ ಉಳಿದಿದ್ದರೆ ಅದು 1876–77ರ ದೊಡ್ಡ ಬರ; ಮುಂದಿನ ಧಾತು ಬಂದದ್ದು 1936ರಲ್ಲಿ. ಹೀಗೆಯೇ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿದ ಪ್ಲೇಗಿನ ವರ್ಷಗಳು, 1918ರ ಇನ್‌ಫ್ಲುಯೆಂಜಾ ಬೇನೆ ಇವೆಲ್ಲ ತಾರೀಖನ್ನು ನಿಲ್ಲಿಸುವ ಗೂಟಗಳು.

ಅಂತರಜಾಲದಲ್ಲಿ ಎಲ್ಲಿಯೂ ಸಿಗದ, ಆದರೆ ನಿಮ್ಮ ಭಾಗದ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಇನ್ನೊಂದು ಆಕರವನ್ನು ಹೇಳದೆ ಇರಲಾರೆ. ಹೆಳವರ ಬಗ್ಗೆ ನೀವು ಕೇಳಿರಬೇಕು. ಸುಗ್ಗಿಯ ನಂತರ ಊರೂರಿಗೆ ಬಂದು ಮನೆತನದ ಮೂಲ ಊರು, ಅಲ್ಲಿಂದ ಬಂದ ದಾರಿ, ಒಡೆದ ಕವಲುಗಳು, ತಲೆಮಾರುಗಳ ಹೆಸರುಗಳನ್ನು ಹಾಡಿನ ಧಾಟಿಯಲ್ಲಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಕಾಳುಕಡಿ, ಬಟ್ಟೆ, ಹಣವನ್ನು ಪಡೆದು ಹೋಗುವ ಸಮುದಾಯವದು. ಒಂದೊಂದು ಹೆಳವ ಕುಟುಂಬಕ್ಕೆ ಇಂತಿಂಥ ಊರುಗಳು, ಇಂತಿಂಥ ಮನೆತನಗಳು ಎಂಬ ಹಂಚಿಕೆ ಹಿಂದಿನಿಂದ ಬಂದಿದೆ. ನಿಮ್ಮ ಮನೆತನಕ್ಕೆ ಸೇರಿದ ಹೆಳವರು ಯಾರು, ಅವರು ಕೊನೆಯ ಬಾರಿ ಬಂದದ್ದು ಯಾವಾಗ ಎಂದು ಊರಿನ ಹಿರಿಯರನ್ನು ವಿಚಾರಿಸಿ. ಎಷ್ಟೋ ಕುಟುಂಬಗಳಲ್ಲಿ ಕಾಗದದ ದಾಖಲೆ ನಿಂತುಹೋದ ಕಡೆಯಿಂದ ಮುಂದಕ್ಕೆ ಅವರ ಪುಸ್ತಕವೊಂದೇ ದಾರಿ. ಅವರು ಬಂದಾಗ ಗೌರವದಿಂದ ಕೂರಿಸಿ, ಕೇಳಿ, ಯೋಗ್ಯ ಸಂಭಾವನೆಯನ್ನು ಕೊಡಿ. ತಲೆತಲಾಂತರದಿಂದ ಅವರು ಕಾಪಾಡಿಕೊಂಡು ಬಂದ ವಿದ್ಯೆ ಅದು, ಅದನ್ನು ಪುಕ್ಕಟೆಯಾಗಿ ಪಡೆಯುವುದು ನ್ಯಾಯವಲ್ಲ.

ನಿಮ್ಮ ಹಿರಿಯರು ನಾಸಿಕ, ತ್ರ್ಯಂಬಕ, ಕಾಶಿ ಅಥವಾ ಗಯೆಗೆ ಹೋಗಿ ಬಂದಿದ್ದರೆ ಅಲ್ಲಿನ ತೀರ್ಥಪುರೋಹಿತರು ಯಾತ್ರಿಕರ ವಿವರ ಬರೆದಿಡುವ ವಹಿ ಎಂಬ ಪುಸ್ತಕಗಳಲ್ಲಿಯೂ ಹೆಸರಿರುವ ಸಾಧ್ಯತೆಯಿದೆ. ಆ ವಹಿಗಳಲ್ಲಿ ಹುಡುಕುವುದು ಊರು ಮತ್ತು ಮನೆತನದ ಹೆಸರಿನಿಂದ.

ಇನ್ನು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ. ಧಾರವಾಡ, ಬೆಳಗಾವಿ, ವಿಜಯಪುರ ಭಾಗದ ಹಳೆಯ ಕಾಗದಪತ್ರಗಳು ಮೋಡಿಯಲ್ಲಿರುವುದು ಸಾಮಾನ್ಯ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥ ಕಾಗದವಿದ್ದರೆ ಓದಲು ಬಾರದೆಂದು ಯಾರಿಗೂ ಕೊಟ್ಟುಬಿಡಬೇಡಿ. ಮುಂಬೈಯಲ್ಲಿರುವ ನಿಮಗೆ ಮೋಡಿ ಬಲ್ಲವರನ್ನು ಹುಡುಕುವುದು ನಮಗಿಂತ ಸುಲಭ, ಕಲಿಸುವ ಉಚಿತ ಪಾಠಗಳೂ ಅಂತರಜಾಲದಲ್ಲಿವೆ.

ಕಡಲತಡಿ:

ಕಾರ್ಕಳದ ಕಡೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ತಂದೆಯಿಂದ ಮಗನಿಗೆ ಎಂಬ ಕ್ರಮದಲ್ಲಿ ನಿಮ್ಮ ಪತ್ನಿಯವರ ಮನೆತನವನ್ನು ಹುಡುಕಲು ಹೊರಟರೆ ಪ್ರತಿಯೊಂದು ತಲೆಮಾರಿನಲ್ಲಿಯೂ ದಾರಿ ತಪ್ಪುತ್ತದೆ. ಅಳಿಯಸಂತಾನದಲ್ಲಿ ಕುಟುಂಬ ಬೆಳೆಯುವುದು ತಾಯಿಯಿಂದ ಮಗಳಿಗೆ. ಆಸ್ತಿಯ ಆಡಳಿತ ಯಜಮಾನನಿಂದ ಅವನ ತಮ್ಮನಿಗೆ, ಅನಂತರ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಆದ್ದರಿಂದ ಹಳೆಯ ದಾಖಲೆಯಲ್ಲಿ ಒಬ್ಬರ ನಂತರ ಒಬ್ಬರಾಗಿ ಕಾಣುವ ಇಬ್ಬರನ್ನು ತಂದೆ ಮಕ್ಕಳೆಂದು ತಿಳಿಯಬಾರದು, ಅವರು ಸೋದರಮಾವ ಮತ್ತು ಸೋದರಳಿಯ ಆಗಿರುವುದೇ ಹೆಚ್ಚು. ನಿಮ್ಮ ಪತ್ನಿಯವರ ತಾಯಿ, ಅಜ್ಜಿ, ಅಜ್ಜಿಯ ತಾಯಿ ಹುಟ್ಟಿದ ಮನೆ ಯಾವುದು, ಬಳಿ (ತಾಯಿಯಿಂದ ಬರುವ ಕುಲ) ಯಾವುದು, ಕುಟುಂಬದ ದೈವಗಳಿಗೆ ಸೇವೆ ನಡೆಯುವ ಮೂಲಮನೆ ಎಲ್ಲಿದೆ ಎಂಬ ಮಾಹಿತಿಯಿಂದ ಆರಂಭಿಸಿ.

ಬೇರೆ ಕಡೆಯ ದಾಖಲೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವುದಿಲ್ಲ ಎಂದು ಮೇಲೆ ಹೇಳಿದ್ದಾರೆ. ನಮ್ಮಲ್ಲಿ ಸ್ಥಿತಿ ಬೇರೆ. 1949ರ ಮದರಾಸು ಅಳಿಯಸಂತಾನ ಕಾಯ್ದೆಯಂತೆ ಕುಟುಂಬಗಳು ಪಾಲಾದಾಗ ಕವರು ಎಂಬ ಘಟಕಗಳನ್ನು ಲೆಕ್ಕ ಹಾಕಲಾಯಿತು. ಒಬ್ಬ ಸ್ತ್ರೀ ಮತ್ತು ಅವಳ ಹೆಣ್ಣು ಸಂತತಿಯ ಸಾಲನ್ನು ಹಿಡಿದು ಕವರನ್ನು ಗುರುತಿಸುವುದರಿಂದ ಪಾಲುಪಟ್ಟಿಗಳಲ್ಲಿ ಹಿರಿಯ ಹೆಂಗಸರ ಹೆಸರುಗಳು ತಲೆಮಾರುಸಹಿತ ದೊರೆಯುತ್ತವೆ. ಮನೆಯಲ್ಲಿ ಹಳೆಯ ಪಾಲುಪಟ್ಟಿ ಇದೆಯೇ ಎಂದು ಮೊದಲು ಕೇಳಿ ನೋಡಿ.

ಅದು ಸಿಗದಿದ್ದರೆ ಇನ್ನೊಂದು ದಾರಿ ಇದೆ, ಇದನ್ನು ವಂಶಾವಳಿ ಹುಡುಕುವವರು ಹೆಚ್ಚಾಗಿ ಗಮನಿಸುವುದಿಲ್ಲ. ಇಂಡಿಯನ್ ಕಾನೂನ್ ಎಂಬ ಜಾಲತಾಣದಲ್ಲಿ ಉಚ್ಚ ನ್ಯಾಯಾಲಯಗಳ ತೀರ್ಪುಗಳನ್ನು ಉಚಿತವಾಗಿ ಓದಬಹುದು. ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಯಾರು ಯಾರ ಮಗಳು, ಯಾರ ಅಳಿಯ ಎಂಬುದೇ ವಿವಾದದ ತಿರುಳಾಗಿರುವುದರಿಂದ ಅನೇಕ ತೀರ್ಪುಗಳ ಮೊದಲ ಪುಟಗಳಲ್ಲಿಯೇ ಕುಟುಂಬದ ವಂಶಾವಳಿಯನ್ನು ವಿವರವಾಗಿ ಕೊಟ್ಟಿರುತ್ತಾರೆ. ದಕ್ಷಿಣ ಕನ್ನಡ 1956ರ ವರೆಗೆ ಮದರಾಸಿಗೆ ಸೇರಿದ್ದರಿಂದ ಅಳಿಯಸಂತಾನದ ಹಳೆಯ ವ್ಯಾಜ್ಯಗಳನ್ನು ಮದರಾಸು ಉಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ, ನಂತರದವುಗಳನ್ನು ಕರ್ನಾಟಕದ ತೀರ್ಪುಗಳಲ್ಲಿ ಹುಡುಕಬೇಕು. ಮೂಲಮನೆಯ ಹೆಸರನ್ನೂ ಗ್ರಾಮದ ಹೆಸರನ್ನೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಕಾಗುಣಿತಗಳಲ್ಲಿ ಬರೆದು ನೋಡಿ. ರೋಣದ ಕಡೆಗೂ ಇದು ಅನ್ವಯಿಸುತ್ತದೆ. ವತನ (ವಂಶಪಾರಂಪರ್ಯದ ಹುದ್ದೆ ಮತ್ತು ಅದರ ಜಮೀನು), ದತ್ತಕ, ಪಾಲು ಇವುಗಳ ಬಗ್ಗೆ ಮುಂಬೈ ಉಚ್ಚ ನ್ಯಾಯಾಲಯದಲ್ಲಿ ಧಾರವಾಡ ಜಿಲ್ಲೆಯ ವ್ಯಾಜ್ಯಗಳು ಬಹಳಷ್ಟಿವೆ.

ಹೊಲಗದ್ದೆಯ ದಾಖಲೆ ನೋಡುವಾಗ ಒಂದು ಎಚ್ಚರ ಬೇಕು. ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಭೂನ್ಯಾಯಮಂಡಳಿಗೆ ಡಿಕ್ಲರೇಶನ್ ಕೊಟ್ಟು ಜಮೀನಿನ ಒಡೆಯರಾದರು. ನಿಮ್ಮ ಪತ್ನಿಯವರ ಕುಟುಂಬ ಗೇಣಿಯ ಒಕ್ಕಲಾಗಿದ್ದರೆ 1974ಕ್ಕೆ ಹಿಂದೆ ಖಾತೆದಾರರ ಹೆಸರಿನ ಜಾಗದಲ್ಲಿ ಧಣಿಗಳ ಹೆಸರು ಕಾಣುತ್ತದೆ. ಧಣಿಗಳ ಕಡೆಯವರಾಗಿದ್ದರೆ ಅಲ್ಲಿಂದ ಮುಂದೆ ಹೆಸರು ಕಾಣದಾಗುತ್ತದೆ. ಎರಡೂ ಸಂದರ್ಭಗಳಲ್ಲಿ ನ್ಯಾಯಮಂಡಳಿಯ ಕಡತವೇ ಎರಡು ಕಾಲಗಳನ್ನು ಜೋಡಿಸುವ ಕೊಂಡಿ. ಹಳೆಯ ಕಾಗದಗಳಲ್ಲಿ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ ಇದ್ದರೆ ಅದಕ್ಕೆ 590 ಕೂಡಿಸಿ, ಕ್ರಿಸ್ತಶಕದ ವರ್ಷ ಬರುತ್ತದೆ.

ಬೆಣ್ಣೆಹಳ್ಳ:

ಇಷ್ಟು ವಿವರವಾಗಿ ಬರೆದ ತಮ್ಮೆಲ್ಲರಿಗೂ ನಾನು ಋಣಿ. ಸೋದರತ್ತೆಯವರೊಂದಿಗೆ ಫೋನಿನಲ್ಲಿ ಮಾತನಾಡಿದೆ. ಹೆಳವರು ನಮ್ಮ ಮನೆಗೆ ಬರುತ್ತಿದ್ದುದು ಅವರಿಗೆ ನೆನಪಿದೆ, ಅವರ ಊರನ್ನು ಕೂಡ ಹೇಳಿದರು. ಹೊಲದ ಗುರುತುಗಳಿಂದ ದಿಶಾಂಕ್‌ನಲ್ಲಿ ಸರ್ವೆ ನಂಬರು ಸಿಕ್ಕಿತು. ಪಹಣಿಯಲ್ಲಿ ನನ್ನ ತಂದೆಯವರ ದೊಡ್ಡಪ್ಪನ ಮೊಮ್ಮಕ್ಕಳ ಹೆಸರುಗಳಿವೆ, ಅವರ ಪರಿಚಯ ನಮಗೆ ಇದುವರೆಗೆ ಇರಲಿಲ್ಲ. ಹಳೆಯ ಪೌತಿಯ ನಮೂದನ್ನು ಪಡೆಯುವ ಕ್ರಮವನ್ನು, ಹಾಗೆಯೇ ಸೈನಿಕರಾಗಿದ್ದ ಹಿರಿಯರ ಬಗ್ಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಸೇರಿಸಿದ ಮಾಹಿತಿಯನ್ನು ಎಲ್ಲಿ ಬರೆದಿಡುವುದು ಸುರಕ್ಷಿತ?

ನೇಸರ:

ಸೈನಿಕರ ವಿಷಯಕ್ಕೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯ ಜಾಲತಾಣವಿದೆ, ಸಂಪೂರ್ಣ ಉಚಿತ. ಎರಡನೆಯ ಮಹಾಯುದ್ಧಕ್ಕೆ ಸಂಬಂಧಿಸಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ವರೆಗೆ ಸೇವೆಯಲ್ಲಿದ್ದಾಗ ಮಡಿದವರ ಹೆಸರುಗಳು ಅಲ್ಲಿವೆ. ಅವಿಭಜಿತ ಭಾರತದ ಸೈನಿಕರೂ ಅದರಲ್ಲಿ ಸೇರಿದ್ದಾರೆ. ಅನೇಕರ ಹೆಸರಿನೊಂದಿಗೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರು ಮತ್ತು ಜಿಲ್ಲೆ ಕೂಡ ಬರೆದಿರುತ್ತದೆ. ಬೆಳಗಾವಿಯಲ್ಲಿ ಸೇರಿದವರೆಂದರೆ ಮರಾಠಾ ಲಘು ಪದಾತಿದಳದಲ್ಲಿ ಇದ್ದಿರಬಹುದು, ಆದ್ದರಿಂದ ಮೊದಲು ಆ ದಳವನ್ನು ಆರಿಸಿಕೊಂಡು, ಆಮೇಲೆ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಧಾರವಾಡ ಎಂದು ಹುಡುಕಿ. ಆ ಕಾಲದ ಇಂಗ್ಲಿಷ್ ಬರವಣಿಗೆಯಲ್ಲಿ ಧಾರವಾಡದ ಕೊನೆಗೆ "ಡಿ" ಬದಲು "ಆರ್" ಅಕ್ಷರವಿರುತ್ತಿತ್ತು, ಅದನ್ನು ಮರೆಯಬೇಡಿ. ಗದಗ ಎಂದು ಹುಡುಕಿದರೆ ಪ್ರಯೋಜನವಾಗದು, ಏಕೆಂದರೆ ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಹೆಸರನ್ನು ಬರೆದವರು ಕನ್ನಡ ಬಲ್ಲವರಾಗಿರಲಿಲ್ಲವಾದ್ದರಿಂದ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರಗಳನ್ನು ಮಾತ್ರ ಕೊಟ್ಟು ನೋಡುವುದು ಉತ್ತಮ.

ಫ್ಯಾಮಿಲಿಸರ್ಚ್ ಎಂಬ ಜಾಲತಾಣದ ಹೆಸರನ್ನು ನೀವು ಕೇಳಿರಬಹುದು. ಖಾತೆ ತೆರೆದರೆ ಅದರ ದಾಖಲೆಗಳೆಲ್ಲ ಉಚಿತ. ಹರಿದ್ವಾರ ಮೊದಲಾದ ಉತ್ತರದ ಕ್ಷೇತ್ರಗಳ ಪಂಡಾಗಳ (ತೀರ್ಥಪುರೋಹಿತರ) ವಹಿಗಳ ಚಿತ್ರಗಳನ್ನು ಅವರು ಅಲ್ಲಿ ಸೇರಿಸಿದ್ದಾರೆ, ಬ್ರಿಟಿಷ್ ಭಾರತದ ಕ್ರೈಸ್ತರ ದೀಕ್ಷಾಸ್ನಾನ ಮತ್ತು ಮದುವೆಗಳ ಸೂಚಿಯೂ ಇದೆ. ಬೆಂಗಳೂರು ದಂಡು ಪ್ರದೇಶದ ಅಥವಾ ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಅದು ಬಹಳ ಉಪಯುಕ್ತ. ರೋಣದ ರೈತ ಕುಟುಂಬಕ್ಕೆ ಅಲ್ಲಿ ಸಿಗುವುದು ಕಡಿಮೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಚರ್ಚೆಯನ್ನು ಓದುವ ಇತರರಿಗೆ ಎರಡು ಮಾತು: ಕರಾವಳಿ ಮತ್ತು ಧಾರವಾಡ ಭಾಗದ ಪ್ರಾಟೆಸ್ಟೆಂಟ್ ಕುಟುಂಬಗಳವರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ದಾಖಲಾಗಾರದ ಜಾಲತಾಣದಲ್ಲಿ ಛಾಯಾಚಿತ್ರಗಳನ್ನೂ ಕಡತಗಳ ಪಟ್ಟಿಯನ್ನೂ ನೋಡಬಹುದು. ಮನೆಯಲ್ಲಿ ಯಾರಾದರೂ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ 1916ಕ್ಕೂ ಮುಂಚೆ ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಪದವಿ ಪಡೆದಿದ್ದರೆ ಅವರ ಹೆಸರು ಮದರಾಸು ವಿಶ್ವವಿದ್ಯಾನಿಲಯದ ಕ್ಯಾಲೆಂಡರು ಎಂಬ ವಾರ್ಷಿಕ ಕೈಪಿಡಿಗಳಲ್ಲಿ ಇರುತ್ತದೆ; ಅವುಗಳಲ್ಲಿ ಹಲವು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿವೆ.

ಬರೆದಿಡುವುದಕ್ಕೆ ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶವನ್ನು ಸೂಚಿಸುತ್ತೇನೆ. ಅದು ನಿಮ್ಮ ಗಣಕದಲ್ಲಿಯೇ ಇರುತ್ತದೆ, ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬಹುದು, ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ನಮೂದಿಸಬಹುದು. ಅತ್ತೆಯವರು ಹೇಳಿದ್ದು, ಹೆಳವರು ಹೇಳಿದ್ದು, ಪಹಣಿಯಲ್ಲಿ ಕಂಡದ್ದು ಇವುಗಳನ್ನು ಬೇರೆ ಬೇರೆಯಾಗಿಯೇ ಬರೆದಿಡಿ. ಒಂದಕ್ಕೊಂದು ಹೊಂದದಿದ್ದಾಗ ಯಾವುದನ್ನೂ ಅಳಿಸಬೇಡಿ. ಸಾರ್ವಜನಿಕ ವಂಶವೃಕ್ಷದ ಜಾಲತಾಣಗಳಿಗೆ ಬದುಕಿರುವವರ ಹೆಸರು, ಹುಟ್ಟಿದ ದಿನಾಂಕ, ತಾಯಿಯ ತವರಿನ ಹೆಸರುಗಳನ್ನು ಅವರ ಒಪ್ಪಿಗೆಯಿಲ್ಲದೆ ಹಾಕಬೇಡಿ.

ಹಳೇಪಹಣಿ:

ಪೌತಿಯ ನಮೂದಿನ ಬಗ್ಗೆ: ಪಹಣಿಯಲ್ಲಿ ಸಿಕ್ಕ ಹಕ್ಕು ಬದಲಾವಣೆಯ ಸಂಖ್ಯೆ, ಸರ್ವೆ ನಂಬರು, ಊರಿನ ಹೆಸರು ಈ ಮೂರನ್ನೂ ಬರೆದು ರೋಣದ ತಹಶೀಲ್ದಾರರ ಕಚೇರಿಯ ರೆಕಾರ್ಡ್ ರೂಮಿನಿಂದ ದೃಢೀಕೃತ ನಕಲನ್ನು ಕೇಳಬೇಕು. ಇದು ಉಚಿತವಲ್ಲ, ಆದರೆ ನಕಲಿನ ಶುಲ್ಕ ದೊಡ್ಡ ಮೊತ್ತವೇನಲ್ಲ. ಸ್ಕ್ಯಾನ್ ಆಗಿರುವ ಕಡತವಾದರೆ ಅಂತರಜಾಲದ ಮೂಲಕವೇ ಪಡೆಯುವ ಅವಕಾಶವಿದೆ, ಅದನ್ನು ಮೊದಲು ವಿಚಾರಿಸಿ. ನಕಲು ಕೈಗೆ ಬಂದಾಗ ಅದರಲ್ಲಿ ಅದಕ್ಕಿಂತ ಹಿಂದಿನ ನಮೂದಿನ ಸಂಖ್ಯೆ ಇದೆಯೇ ಎಂದು ನೋಡಿ; ಇದ್ದರೆ ಅದಕ್ಕೂ ಅರ್ಜಿ ಕೊಡಿ. ಹಾಗೆ ಒಂದೊಂದಾಗಿ ಹಿಂದಕ್ಕೆ ಹೋಗುವಾಗ ಹೊಲ ಪಾಲಾಗಿ ಸರ್ವೆ ನಂಬರಿಗೆ ಹಿಸ್ಸಾ ಬಿದ್ದಿದ್ದರೆ ಹಿಸ್ಸಾ ಬಿಟ್ಟು ಮೂಲ ನಂಬರಿನಿಂದಲೇ ಕೇಳಿ. ಪಹಣಿಯಲ್ಲಿ ಕಂಡ ಆ ಬಂಧುಗಳನ್ನು ಈಗಲೇ ಸಂಪರ್ಕಿಸಿ, ವಿಚಾರಿಸುತ್ತಿರುವುದು ವಂಶಾವಳಿಗಾಗಿ ಮಾತ್ರವೇ ಹೊರತು ಪಾಲು ಕೇಳುವುದಕ್ಕಲ್ಲ ಎಂದು ಮೊದಲ ಮಾತಿನಲ್ಲಿಯೇ ತಿಳಿಸಿಬಿಡಿ. ಇಲ್ಲದಿದ್ದರೆ ಅವರ ಮನೆಯಲ್ಲಿರುವ ಹಳೆಯ ಉತಾರಗಳನ್ನು ಅವರು ನಿಮಗೆ ತೋರಿಸಲಾರರು.